ಫ್ಯಾನಿನ ಸ್ವಿಚ್ಚು, ಬ್ಯಾಟರಿಯ ಓಟಿಪಿ

ಲಿಂಗಸುಗೂರಿನ ನಮ್ಮ ಮನೆ ಮುಂದೆ ಬೇವಿನ ಮರದ ಕೆಳಗೆ ಒಂದು ಬಿಳಿ ಓಮ್ನಿ ನಿಂತಿರುತ್ತದೆ. ಬಿಳಿ ಅನ್ನೋದು ಈಗ ಆರ್‌ಸಿಯಲ್ಲಿ ಮಾತ್ರ. ಭಾನುವಾರ ಬಂದರೆ ಅದರ ಮುಂದಿನ ಸೀಟು ಎತ್ತಿ ನಾವು ಒಳಗೆ ತಲೆ ಹಾಕಿರುತ್ತೇವೆ. ಹಾದು ಹೋಗುವವರು ನಿಂತು ಕೇಳೋದು ಒಂದೇ ಮಾತು: "ಏನ್ರೀ ರಿಪೋರ್ಟರ್ ಸಾಹೇಬ್ರ, ಇನ್ನೂ ಮಾರಿಲ್ಲೇನ್ರಿ ಇದನ್ನ?"

ಮಾರಿಲ್ಲ. ಯಾಕೆ ಅಂತ ಕೇಳಿದವರಿಗೆ ಇಷ್ಟು ವರ್ಷ ಬಾಯಿಗೆ ಬಂದ ಉತ್ತರ ಕೊಟ್ಟಿದ್ದೇವೆ. ಮೊನ್ನೆ ಒಂದು ಬ್ಯಾಟರಿ ಸಲುವಾಗಿ ಎರಡು ತಿಂಗಳು ಅಲೆದ ಮೇಲೆ, ಇದನ್ನು ಬರೆದೇ ಬಿಡೋಣ ಅನ್ನಿಸಿತು. ನಿಮ್ಮ ಮನೆಯಲ್ಲೂ ಒಂದು ಬ್ಯಾಟರಿಯೋ ಫೋನೋ ಟ್ರ್ಯಾಕ್ಟರೋ ಇದ್ದೇ ಇರುತ್ತದೆ.

ಗಾಡಿ ತಂದವರು ಅಪ್ಪ. 2011ರಲ್ಲಿ, ಹಟ್ಟಿ ಚಿನ್ನದ ಗಣಿಯಿಂದ ನಿವೃತ್ತರಾಗಿ ಊರಿಗೆ ಹೊರಟಿದ್ದವರೊಬ್ಬರ ಹತ್ತಿರ ಕೊಂಡರು. ಗಾಡಿ 1998ರದು. ಅಪ್ಪನದು ಸಂತೆಯಲ್ಲಿ ಬಟ್ಟೆ ವ್ಯಾಪಾರ. ಮುದಗಲ್, ಹಟ್ಟಿ, ಮಸ್ಕಿ ಸಂತೆಗಳಿಗೆ ಟೆಂಪೋ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಹಿಂದಿನ ಸೀಟು ಬಿಚ್ಚಿದರೆ ಗಂಟು ಇಡಲು ಜಾಗ ಆಗುತ್ತದೆ ಅಂತ ತಂದರು. ಆಗ ನಾವು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಸುದ್ದಿಗಿಷ್ಟು ಅಂತ ಎಣಿಸಿ ಕೊಡುವ ಕೆಲಸಕ್ಕೆ ಸೇರಿದ್ದೆವು. ಇವತ್ತಿಗೂ ಅದೇ ಕೆಲಸ. ಅಪ್ಪ ಹೋಗಿ ಆರು ವರ್ಷ ಆಯಿತು. ಗಂಟು ಕಟ್ಟುತ್ತಿದ್ದ ಹಗ್ಗ ಇನ್ನೂ ಹಿಂದಿನ ಬಾಗಿಲಿಗೆ ನೇತಾಡುತ್ತಿದೆ.

ಓಮ್ನಿ ಅಂದರೆ ಹುಡುಗರಿಗೆ ಸಿನಿಮಾದ ಕಿಡ್ನಾಪ್ ಗಾಡಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, ಆಮೇಲೆ ಓಮ್ನಿ ಅಂತ ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರು. ಎಂಜಿನ್ ಇರೋದು ಮುಂದೆ ಕೂತವರ ಸೀಟಿನ ಕೆಳಗೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು ಮೇಲಿನಿಂದ, ಎಂಜಿನ್ ಕಾವು ಕೆಳಗಿನಿಂದ. ನಮ್ಮ ಮನೆಯವರು ಮುಂದೆ ಕೂರೋದಿಲ್ಲ, "ರೊಟ್ಟಿ ಹಂಚಿನ ಮ್ಯಾಲ ಕುಂತಂಗ ಆಗ್ತದ" ಅಂತಾರೆ.

ಆದರೆ ಅದೇ ಅದರ ಸುಖವೂ ಹೌದು. ಮಳೆ ಬರುವಾಗ ಗಾಡಿ ಕೆಟ್ಟರೆ ಕೆಳಗೆ ಇಳಿಯಬೇಕಿಲ್ಲ. ಒಳಗೇ ಕೂತು ಸೀಟು ಎತ್ತಿದರೆ ಇಡೀ ಎಂಜಿನ್ ಕಣ್ಣೆದುರು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ನೋಡಬಹುದು.

ರಿಪೇರಿ ಕಲಿಸಿದ್ದು ಬಸ್ ಸ್ಟ್ಯಾಂಡಿನ ಆಚೆ ಗ್ಯಾರೇಜು ಇಟ್ಟಿರುವ ಉಸ್ತಾದ್. ಕಲಿಸಿದರು ಅನ್ನೋದಕ್ಕಿಂತ, ಅವರು ಮಾಡೋದನ್ನು ನಾವು ನೋಡಿದೆವು. ಅಪ್ಪ ಗಾಡಿ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು, ನಾವು ಪಾನಾ ಎತ್ತಿ ಕೊಡುತ್ತಾ ನಿಲ್ಲುತ್ತಿದ್ದೆವು. ಮೊದಲು ಕಲಿತದ್ದು ಮೇ ತಿಂಗಳ ಕಾಯಿಲೆ. ಮಧ್ಯಾಹ್ನದ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರ್ಬೊರೇಟರಿಗೆ ಏರೋದಿಲ್ಲ, ಗಾಡಿ ನಿಂತುಬಿಡುತ್ತದೆ. ಹೊಸಬರು ಎಂಜಿನ್ ಕೆಟ್ಟಿತು ಅಂತ ಹೆದರುತ್ತಾರೆ. ಒಂದು ಅರಿವೆ ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಕೂತರೆ ಸಾಕು. ಅಪ್ಪ ಅದಕ್ಕಂತಲೇ ಒಂದು ಹಳೆ ಟವೆಲ್ ಇಟ್ಟಿದ್ದರು. "ಗಾಡಿಗೆ ಜ್ವರ ಬಂದದ, ತಣ್ಣೀರ ಪಟ್ಟಿ ಹಾಕು" ಅನ್ನುತ್ತಿದ್ದರು.

ನಾವು ಕೆಡಿಸಿದ್ದೂ ಉಂಟು. ಒಂದು ಭಾನುವಾರ ಮೂರೂ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದೆವು. ವೈರು ಮೂರೇ ಮೂರು. ಸ್ಟಾರ್ಟ್ ಮಾಡಿದರೆ ಗಾಡಿ ಗಡಗಡ ನಡುಗಿತು, ಹಿಂದೆ ಢಮ್ ಅಂತ ಪಟಾಕಿ ಹೊಡೆಯಿತು, ಎದುರುಮನೆಯ ಎಮ್ಮೆ ಹಗ್ಗ ಹರಿಯಿತು. ಉಸ್ತಾದ್ ಬಂದು ಎರಡು ವೈರು ಅದಲುಬದಲು ಮಾಡಿ ನಕ್ಕರು. ಬೆಂಕಿ ಹತ್ತುವ ಸರದಿ ಒಂದು, ಮೂರು, ಎರಡು. ನಾವು ಒಂದು, ಎರಡು, ಮೂರು ಅಂತ ಜೋಡಿಸಿದ್ದೆವು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಪೆನ್ನಿನಿಂದ 1-3-2 ಅಂತ ಬರೆದುಕೊಂಡೆವು. ಆ ಬರಹ ಇನ್ನೂ ಅಲ್ಲೇ ಇದೆ.

ಈಗ ಫ್ಯಾನಿನ ಮಾತು. ಒಂದು ಮೇ ತಿಂಗಳ ರಾತ್ರಿ, ಅಪ್ಪ ಹೋದ ಎರಡನೇ ವರ್ಷ, ಅವ್ವನಿಗೆ ದಮ್ಮು ಜೋರಾಯಿತು. ಇಲ್ಲಿಯ ಡಾಕ್ಟರು ನೋಡಿ, ರಾಯಚೂರಿಗೆ ಒಯ್ಯಿರಿ ಅಂದರು. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಹೆಚ್ಚು ಕಡಿಮೆ ತೊಂಬತ್ತು ಕಿಲೋಮೀಟರ್. ಅವ್ವನನ್ನು ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರ ತೊಡೆಯ ಮೇಲೆ ಒರಗಿಸಿ ಹೊರಟೆವು. ಕವಿತಾಳ ದಾಟಿದ್ದೆವು, ಸಿರವಾರ ಇನ್ನೂ ದೂರ ಇತ್ತು. ಕಾವು ತೋರಿಸುವ ಮುಳ್ಳು ಮೇಲೆ ಮೇಲೆ ಏರತೊಡಗಿತು. ಇನ್ನೊಂದಿಷ್ಟು ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ಅಲ್ಲೇ ನಿಲ್ಲುತ್ತಿತ್ತು.

ನಿಲ್ಲಿಸಿ ಕಿವಿಗೊಟ್ಟರೆ ರೇಡಿಯೇಟರ್ ಫ್ಯಾನಿನ ಸದ್ದೇ ಇಲ್ಲ. ಈ ಫ್ಯಾನು ತಾನಾಗಿ ತಿರುಗೋದಿಲ್ಲ. ನೀರು ಕಾದಾಗ ಒಂದು ಸಣ್ಣ ಸ್ವಿಚ್ಚು ಅದಕ್ಕೆ ಕರೆಂಟು ಕೊಡುತ್ತದೆ. ಫ್ಯಾನು ಸತ್ತಿದೆಯೋ ಸ್ವಿಚ್ಚು ಸತ್ತಿದೆಯೋ ನೋಡಬೇಕು ಅಂತ ಉಸ್ತಾದ್ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಸೀಟು ಎತ್ತಿ, ಫೋನಿನ ಬೆಳಕು ಬಾಯಲ್ಲಿ ಕಚ್ಚಿಕೊಂಡು, ಸ್ವಿಚ್ಚಿಗೆ ಬರುವ ಎರಡು ವೈರು ಕಿತ್ತು ತುದಿ ತುದಿ ಹಿಡಿದೆವು. ಮುಂದೆ ಬರ್‍ರ್ ಅಂತ ಫ್ಯಾನು ತಿರುಗಿತು. ಎರಡನ್ನೂ ಹೊಸೆದು, ಔಷಧಿ ಚೀಟಿ ಇದ್ದ ಪ್ಲಾಸ್ಟಿಕ್ ಚೀಲ ಹರಿದು ಸುತ್ತಿ ಕಟ್ಟಿದೆವು. ಮುಳ್ಳು ಇಳಿಯುವ ತನಕ ಕಾಯ್ದು ಹೊರಟೆವು. ಎಲ್ಲಾ ಸೇರಿ ಇಪ್ಪತ್ತು ನಿಮಿಷ ಆಗಿರಬೇಕು. ಆ ಇಪ್ಪತ್ತು ನಿಮಿಷ ಅವ್ವನ ಉಸಿರಿನ ಸೀಟಿ ಕೇಳುತ್ತಲೇ ಇತ್ತು. ಬೆಳಗಿನ ಹೊತ್ತಿಗೆ ಆಸ್ಪತ್ರೆಯಲ್ಲಿ ಅವ್ವ ಚಹಾ ಕೇಳಿದರು.

ಹೊಸ ಕಾರುಗಳ ವಿರೋಧಿಗಳು ನಾವಲ್ಲ, ಇದನ್ನು ಹೇಳಲೇಬೇಕು. ಓಮ್ನಿಯಲ್ಲಿ ಡ್ರೈವರ್ ಮುಂದೆ ಒಂದು ತಗಡು ಬಿಟ್ಟರೆ ಏನೂ ಇಲ್ಲ, ನಮ್ಮ ಮೊಣಕಾಲೇ ಬಂಪರು. ಸುರಕ್ಷತೆಯ ಹೊಸ ನಿಯಮಗಳು ಬಂದಾಗಲೇ ಅದರ ತಯಾರಿಕೆ ನಿಂತದ್ದು, ಮತ್ತು ಅದು ಸರಿಯೇ. ಅಪಘಾತದ ಸುದ್ದಿ ಬರೆದು ಬರೆದು ನಮಗೆ ಗೊತ್ತು. ಹೊಗೆಯೂ ಹೊಸದಕ್ಕಿಂತ ಹೆಚ್ಚೇ ಬಿಡುತ್ತದೆ. ಬರೆಯುವಾಗ ಹೆದ್ದಾರಿಯಲ್ಲಿ ನಿಧಾನ ಹೋಗಿ ಅಂತ ಬರೆಯುತ್ತೇವೆ, ನಾವೂ ಐವತ್ತರ ಮೇಲೆ ಓಡಿಸೋದಿಲ್ಲ. ಓಡಿಸಿದರೂ ಅದು ಓಡೋದಿಲ್ಲ, ಆ ಮಾತು ಬೇರೆ.

ಖರ್ಚೂ ಏರುತ್ತಿದೆ. ಹದಿನೈದು ವರ್ಷ ಮುಗಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2018ರಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು, 2023ರಲ್ಲಿ ನಾವು ಅಷ್ಟು ಕಟ್ಟಿ ಬಂದೆವು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಅಂದರೆ 2028ಕ್ಕೆ ನಮ್ಮ ಸರದಿ. ಮೇಲೆ ಪೆಟ್ರೋಲಿನಲ್ಲಿ ಈಗ ಶೇ 20 ಎಥೆನಾಲ್. ಹಳೆ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು ಅಂತ ಸರಕಾರವೇ ಹೇಳಿದೆ. ನಮ್ಮ ಪೆಟ್ರೋಲ್ ಪೈಪು ಈ ವರ್ಷ ಎರಡು ಸಲ ಬಿರುಕು ಬಿಟ್ಟಿತು. ಎಥೆನಾಲ್‌ನಿಂದಲೋ ವಯಸ್ಸಿನಿಂದಲೋ, ಪೈಪು ಬಾಯಿ ಬಿಟ್ಟು ಹೇಳೋದಿಲ್ಲ. ಎರಡೂ ಸಲ ಬದಲಿಸಿದ್ದು ನಾವೇ, ಮೀಟರ್ ಪೈಪು ತಂದು, ಕ್ಲಿಪ್ಪು ಬಿಗಿದು.

ಇಂಥ ಗಾಡಿಗೆ 2024ರ ಮೇ ತಿಂಗಳಲ್ಲಿ ಒಂದು ಹೊಸ ಬ್ಯಾಟರಿ ಹಾಕಿಸಿದೆವು. ಹೆಸರುವಾಸಿ ಕಂಪನಿಯದು. ಒಟ್ಟು ಮೂವತ್ತಾರು ತಿಂಗಳ ವಾರಂಟಿ, ಮೊದಲ ಹದಿನೆಂಟು ತಿಂಗಳಲ್ಲಿ ಕೆಟ್ಟರೆ ಪುಕ್ಕಟೆ ಹೊಸದು, ಉಳಿದ ಹದಿನೆಂಟರಲ್ಲಿ ಕೆಟ್ಟರೆ ಬೆಲೆಯಲ್ಲಿ ಅಷ್ಟಿಷ್ಟು ಕಡಿತ. ಅಂಗಡಿ ಹುಡುಗ ಕೇಳಿದ: "ಬಿಲ್ ಬೇಕಂದ್ರ 4,200 ರೀ, ಬ್ಯಾಡಂದ್ರ 3,700. ವಾರಂಟಿ ಕಾರ್ಡ್ ಹೆಂಗೂ ಕೊಡ್ತೀನ್ರಿ, ಸಿಕ್ಕಾ ಹೊಡದು."

ನಾವು 3,700 ಕೊಟ್ಟೆವು.

ಪ್ರತಿ ವರ್ಷ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕರ ದಿನ. ತಾಲ್ಲೂಕಿನ ಕಾರ್ಯಕ್ರಮದ ಸುದ್ದಿ ಕಳಿಸುವವರು ನಾವೇ. "ಖರೀದಿಸಿದ ಪ್ರತಿ ವಸ್ತುವಿಗೂ ತಪ್ಪದೇ ಬಿಲ್ ಪಡೆಯಿರಿ" ಅಂತ ಎಷ್ಟು ವರ್ಷ ಬರೆದಿದ್ದೇವೋ ಲೆಕ್ಕ ಇಲ್ಲ. ಐನೂರು ರೂಪಾಯಿ ಕಣ್ಣೆದುರು ಬಂದಾಗ ಆ ಸಾಲು ನೆನಪಾಗಲಿಲ್ಲ.

ಹದಿನಾರನೇ ತಿಂಗಳಿಗೆ, 2025ರ ಸೆಪ್ಟೆಂಬರಿನಲ್ಲಿ, ಬ್ಯಾಟರಿ ಸತ್ತಿತು. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಒಂದು ಸಲ ಸೆಲ್ಫ್ ಹೊಡೆಯುತ್ತದೆ, ಆಮೇಲೆ ಕಟ್ ಕಟ್ ಅನ್ನುತ್ತದೆ. ಡೈನಮೊ ನೋಡಿದೆವು, ಸರಿ ಇತ್ತು. ಕಾರ್ಡು ತೆಗೆದುಕೊಂಡು ಅಂಗಡಿಗೆ ಹೋದರೆ ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಕಾರ್ಡಿನ ಮೇಲಿನ ನಂಬರಿಗೆ ಫೋನ್ ಹಚ್ಚಿದೆವು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡ ಎಷ್ಟನೆಯದೋ ಅಂತ ಕಾಯುತ್ತಾ ಇದ್ದಂತೆ ಕರೆ ಕಡಿಯಿತು. ಕೊನೆಗೊಮ್ಮೆ ಹಿಂದಿಯಲ್ಲಿ ಸಿಕ್ಕ ಹೆಣ್ಣುಮಗಳು, ಪಾಪ, ಮರ್ಯಾದೆಯಿಂದಲೇ ಹೇಳಿದಳು: ದೂರು ಆ್ಯಪಿನಲ್ಲಿ ಮಾತ್ರ ದಾಖಲಾಗುತ್ತದೆ, ನೋಂದಾಯಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಿ.

ಓಟಿಪಿ ಬರಲೇ ಇಲ್ಲ. ಬ್ಯಾಟರಿಯ ನಂಬರು ಹೊಡೆದರೆ ಕೊನೆಯ ಎರಡು ಅಂಕಿ ಮಾತ್ರ ತೋರಿಸುತ್ತದೆ, ಅದು ನಮ್ಮ ಫೋನ್ ನಂಬರೇ ಅಲ್ಲ. ಮಾರುವಾಗ ಅಂಗಡಿ ಹುಡುಗ ತನ್ನದೇ ನಂಬರು ಹಾಕಿ ನೋಂದಾಯಿಸಿದ್ದ. ನಂಬರು ಬದಲಿಸಬೇಕೆಂದರೆ ಆ ಹಳೆ ನಂಬರಿಗೇ ಓಟಿಪಿ ಹೋಗುತ್ತದೆ.

ಹುಡುಗ ಸಿಂಧನೂರಿನಲ್ಲಿ ಅಂಗಡಿ ಹಾಕಿದ್ದಾನೆ ಅಂತ ಗೊತ್ತಾಯಿತು. ಸತ್ತ ಬ್ಯಾಟರಿಯ ಗಾಡಿಯಲ್ಲೇ ಹೊರಟೆವು. ಓಮ್ನಿ ಹಗುರ. ಇಬ್ಬರು ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಒಬ್ಬರೇ ಇದ್ದರೆ ಇಳಿಜಾರು ನೋಡಿ ನಿಲ್ಲಿಸಬೇಕು. ಮಸ್ಕಿಯಲ್ಲಿ ಚಹಾ ಕುಡಿಯಲು ಇಳಿಜಾರು ಹುಡುಕಿ ಅರ್ಧ ಊರು ಸುತ್ತಿದೆವು. ಸಿಂಧನೂರಿನಲ್ಲಿ ಹುಡುಗ ಸಿಕ್ಕ, ಚಹಾ ಕುಡಿಸಿದ. "ನಾ ಏನ್ ಮಾಡ್ಲಿ ಸರ, ಗಿರಾಕಿ ನಿಂತಿರ್ತಾರ, ಒಬ್ಬರ ಫೋನ್ ಮನ್ಯಾಗ ಇರ್ತದ, ಒಬ್ಬರದು ರೀಚಾರ್ಜ್ ಇರಂಗಿಲ್ಲ. ಓಟಿಪಿ ಬರೂತನಕ ಕಾಯಾಕ ಆಗ್ತದೇನ್ರಿ? ಎಲ್ಲಾರಿಗೂ ನಂದ ನಂಬರ್ ಹಾಕ್ತಿದ್ದೆ. ಆ ಸಿಮ್ ಈಗ ಇಲ್ರಿ, ಬಂದ್ ಆಗ್ಯದ."

ಅವನಿಗೆ ಬೈಯಲು ಹೋದವರು ಬೈಯದೇ ಬಂದೆವು. ಬಿಲ್ ಬೇಡ ಅಂದವರು ನಾವು, ಅದೂ ಒಂದು ಕಾರಣ. ಇನ್ನೊಂದು, ಅವನ ಮಾತು ಸುಳ್ಳಲ್ಲ. ಪ್ರತಿ ಗಿರಾಕಿಯ ಹತ್ತಿರವೂ ನೆಟ್‌ವರ್ಕ್ ಇರುವ ಫೋನು, ಅದರಲ್ಲಿ ರೀಚಾರ್ಜು, ಓದಲು ಬರುವ ಕಣ್ಣು ಇರುತ್ತದೆ ಅಂತ ಎಲ್ಲೋ ಕೂತು ಆ್ಯಪು ಮಾಡಿದವರು ಅಂದುಕೊಂಡಿದ್ದಾರೆ. ಆ ಅಂಗಡಿಯಿಂದ ಬ್ಯಾಟರಿ ಒಯ್ದ ಉಳಿದವರು ಎಷ್ಟು ಜನವೋ, ತಮ್ಮ ವಾರಂಟಿ ಒಂದು ಸತ್ತ ಸಿಮ್ಮಿನಲ್ಲಿ ಇದೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ.

ಅಕ್ಟೋಬರ್ ಹೀಗೇ ಕಳೆಯಿತು. ನವೆಂಬರಿಗೆ ಹದಿನೆಂಟು ತಿಂಗಳು ಮುಗಿದರೆ ಪುಕ್ಕಟೆ ಬದಲಿ ಹೋಯಿತು. ಆಗ ಒಂದು ರಾತ್ರಿ ನಮ್ಮದೇ ಹಳೆಯ ಸುದ್ದಿ ತೆಗೆದು ಓದಿದೆವು. ಗ್ರಾಹಕರ ಸಹಾಯವಾಣಿ 1915, ಪುಕ್ಕಟೆ ಕರೆ, ಕನ್ನಡದಲ್ಲೂ ಮಾತಾಡಬಹುದು. ಮಸ್ಕಿಯ ಅಶೋಕನ ಶಾಸನ ಪತ್ತೆಯಾದದ್ದೂ 1915ರಲ್ಲೇ, ಹಾಗಾಗಿ ನಮ್ಮ ಕಡೆಯವರಿಗೆ ಈ ನಂಬರು ನೆನಪಿಡೋದು ಕಷ್ಟ ಅಲ್ಲ. (ಅಶೋಕ ಅನ್ನುವ ಹೆಸರು ಬಂಡೆಯ ಮೇಲೆ ಸ್ಪಷ್ಟವಾಗಿ ಸಿಕ್ಕದ್ದು ಅಲ್ಲಿ. ಎರಡು ಸಾವಿರ ವರ್ಷ ದಾಟಿದರೂ ಅದನ್ನು ಓದಲು ಯಾವ ಓಟಿಪಿಯೂ ಬೇಕಾಗಲಿಲ್ಲ.)

ಕರೆ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ಮೊದಲ ಪ್ರಶ್ನೆ: "ಬಿಲ್ ಇದೆಯಾ?" ಇಲ್ಲ ಅನ್ನುವಾಗ ನಾಲಿಗೆ ತಡವರಿಸಿತು. ಹಣ ಹೇಗೆ ಕೊಟ್ಟಿರಿ ಅಂತ ಕೇಳಿದರು. ಫೋನ್ ಪೇ ಮಾಡಿದ್ದೆವು. ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಅಂಗಡಿಗೆ ಹೋದ 3,700ರ ಸಾಲಿಗೆ ಗುರುತು ಹಾಕಿ, ಸಿಕ್ಕಾ ಇದ್ದ ಕಾರ್ಡಿನ ಫೋಟೊ, ಬ್ಯಾಟರಿಯ ಮೇಲಿನ ನಂಬರಿನ ಫೋಟೊ ಎಲ್ಲಾ ಕಳಿಸಿದೆವು. ದೂರಿಗೆ ಒಂದು ನಂಬರು ಕೊಟ್ಟರು. ಇಪ್ಪತ್ತು ದಿನ ಸುದ್ದಿ ಇಲ್ಲ. ಆಮೇಲೆ ರಾಯಚೂರಿನಿಂದ ಕಂಪನಿಯ ಡೀಲರ್ ಫೋನು ಬಂತು, ಬ್ಯಾಟರಿ ತಗೊಂಡು ಬರ್ರಿ ಅಂತ. ಒಯ್ದೆವು, ಮೀಟರ್ ಹಚ್ಚಿ ನೋಡಿದರು, ಬದಲಿಸಿ ಕೊಟ್ಟರು. ಹೊಸ ಬ್ಯಾಟರಿಯ ವಾರಂಟಿ ಹಳೆಯ ದಿನಾಂಕದಿಂದಲೇ ಲೆಕ್ಕ. ಹೊರಡುವಾಗ ಆ ಹುಡುಗ ಹೇಳಿದ: "ಸರ್, ಕಂಪ್ಲೇಂಟ್ ಕ್ಲೋಸ್ ಮಾಡಬೇಕ್ರಿ, ನಿಮಗೊಂದು ಓಟಿಪಿ ಬಂದದ ನೋಡ್ರಿ." ಈ ಸಲ ನಮ್ಮ ಫೋನಿಗೇ ಬಂತು.

ಇದು ಸಹಾಯವಾಣಿಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವರಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲಿದೆಯೋ ಅಲ್ಲಿಗೆ ಹೋಗಬೇಕಿಲ್ಲ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಬೀಜ, ಪಂಪ್‌ಸೆಟ್ಟು, ಫೋನು, ಯಾವುದಕ್ಕಾದರೂ ಇದೇ ದಾರಿ. ಬಿಲ್ ಮಾತ್ರ ಇಟ್ಟುಕೊಳ್ಳಿ. ಯಾರು ಹೇಳುತ್ತಿದ್ದಾರೆ ನೋಡಬೇಡಿ, ಇಟ್ಟುಕೊಳ್ಳಿ.

ಈ ಕಥೆಯನ್ನು ಉಸ್ತಾದರ ಗ್ಯಾರೇಜಿನಲ್ಲಿ ಹೇಳುವಾಗ ಅಲ್ಲಿದ್ದ ರೈತರೊಬ್ಬರು ನಕ್ಕರು. ಅವರದು ಕಾಲುವೆ ಭಾಗದ ಭತ್ತದ ಹೊಲ, ಹೊಸ ದೊಡ್ಡ ಟ್ರ್ಯಾಕ್ಟರು. 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದಿದೆ. ಆಮೇಲೆ ಬಂದ ಎಂಜಿನ್‌ಗಳಲ್ಲಿ ಡೀಸೆಲ್ ಎಷ್ಟು ಬಿಡಬೇಕು ಅನ್ನೋದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಕೆಂಪು ದೀಪ ಹತ್ತಿ ಟ್ರ್ಯಾಕ್ಟರ್ ಹೊಲದಲ್ಲೇ ನಿಂತಿತಂತೆ. "ನಮ್ಮೂರ ಫಿಟ್ಟರ್ ಬಾನೆಟ್ ತಗದು ನೋಡಿ ಹಂಗ ಮುಚ್ಚಿದ್ರಿ. ಲ್ಯಾಪ್‌ಟಾಪ್ ಬರಬೇಕಂತ. ಲ್ಯಾಪ್‌ಟಾಪ್ ಬರಾಕ ಮೂರು ದಿನ. ಮೋಡ ನಿಲ್ತದೇನ್ರಿ ಮೂರು ದಿನ?" ಬಂದವರು ಒಂದು ಸೆನ್ಸಾರ್ ಒರೆಸಿ ಹಾಕಿ ಹೋದರಂತೆ. ಉಸ್ತಾದ್ ಅಷ್ಟು ಹೊತ್ತು ಸುಮ್ಮನಿದ್ದವರು ಇಷ್ಟೇ ಅಂದರು: "ಒರಸೂದು ನಮಗೂ ಬರ್ತದ. ಎಲ್ಲಿ ಒರಸಬೇಕಂತ ಅದು ಅವರಿಗಷ್ಟ ಹೇಳ್ತದ."

ದೆಹಲಿಯಲ್ಲಿ ಇದರ ಬಗ್ಗೆ ಮಾತು ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಯಂತ್ರ, ವಾಹನ ಅಂತ ನಾಲ್ಕು ವಿಭಾಗ. ರಿಪೇರಿಯ ಪುಸ್ತಕ, ಬಿಡಿಭಾಗದ ಬೆಲೆ, ವಾರಂಟಿಯ ವಿವರವನ್ನು ಕಂಪನಿಗಳು ಅಲ್ಲಿ ಹಾಕಬೇಕು ಅನ್ನೋದು ಉದ್ದೇಶ. ನಾವು ತೆಗೆದು ನೋಡಿದೆವು. ಹಲವು ಕಡೆ ಕಂಪನಿಯ ಸೈಟಿಗೇ ಮತ್ತೆ ಕಳಿಸುತ್ತದೆ, ಅಲ್ಲಿ ಇರೋದೆಲ್ಲ ಇಂಗ್ಲಿಷು. ಉಸ್ತಾದರಿಗೆ ತೋರಿಸಿದರೆ ಕನ್ನಡಕ ಏರಿಸಿ ನೋಡಿ ಫೋನು ವಾಪಸ್ ಕೊಟ್ಟರು. ಅವರಿಗೆ ಉಪಯೋಗಕ್ಕೆ ಬಂದದ್ದು ಬೇರೆ: ಕೇರಳದ ಯಾರೋ ಮೆಕ್ಯಾನಿಕ್ ಮಲಯಾಳದಲ್ಲಿ ಮಾಡಿ ಹಾಕಿದ ಕಾರ್ಬೊರೇಟರ್ ವಿಡಿಯೊ. ಭಾಷೆ ನಮಗಿಬ್ಬರಿಗೂ ಬರೋದಿಲ್ಲ, ಕೈ ನೋಡಿ ತಿಳಿದುಕೊಂಡೆವು. ಫೋನೂ ಒಳ್ಳೆಯದೇ, ಇಲ್ಲ ಅನ್ನೋದಿಲ್ಲ. ಆ ಫೋನಿಗೂ ಈಗ ಅಪ್‌ಡೇಟ್ ನಿಂತಿದೆ, ಬ್ಯಾಂಕಿನ ಆ್ಯಪು ತೆರೆಯೋದಿಲ್ಲ. 2019ರ ಫೋನು ಹಳೆಯದಂತೆ. 1998ರ ಗಾಡಿಗೆ ಇನ್ನೂ ಕಾಂಟ್ಯಾಕ್ಟ್ ಸೆಟ್ ಸಿಗುತ್ತದೆ.

2028ಕ್ಕೆ ಹತ್ತು ಸಾವಿರ ಕಟ್ಟುತ್ತೇವೋ ಗುಜರಿಗೆ ಹಾಕುತ್ತೇವೋ, ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಮನೆಯವರದು ಗುಜರಿಯ ಕಡೆ ಓಟು. ಅವ್ವ ಯಾವ ಕಡೆಯೂ ಇಲ್ಲ, ಗಾಡಿ ಬೇಕಾದಾಗ ಮಾತ್ರ ನೆನಪು ಮಾಡುತ್ತಾರೆ.

ಆ ರಾತ್ರಿ ಹೊಸೆದು ಕಟ್ಟಿದ ವೈರನ್ನು ನಾವು ಆಮೇಲೆ ಬಿಚ್ಚಲಿಲ್ಲ. ಹೊಸ ಸ್ವಿಚ್ಚು ತರುವ ಬದಲು ಆ ಎರಡು ವೈರನ್ನು ಉದ್ದ ಮಾಡಿ ಮುಂದಕ್ಕೆ ಎಳೆದು, ಸ್ಟೇರಿಂಗ್ ಪಕ್ಕ ಮನೆಯ ದೀಪಕ್ಕೆ ಹಾಕುವ ಬಿಳಿ ಸ್ವಿಚ್ಚೊಂದನ್ನು ಕೂರಿಸಿದೆವು. ಈಗ ಫ್ಯಾನು ಹಾಕೋದು, ತೆಗೆಯೋದು ನಮ್ಮ ಕೈಯಲ್ಲಿ. ಮರೆತರೆ ಎಂಜಿನ್ ಹೋಯಿತು ಅಂತ ಉಸ್ತಾದ್ ಬೈದಿದ್ದಾರೆ. ಮರೆಯೋದಕ್ಕೆ ಆಗೋದಿಲ್ಲ. ಗಾಡಿ ಹೊರಟು ಗಲ್ಲಿ ತಿರುಗುವ ಮೊದಲೇ ಹಿಂದಿನ ಸೀಟಿನಿಂದ ಅವ್ವ ಕೇಳುತ್ತಾರೆ:

"ಗಾಳಿ ಹಾಕಿದೇನಪಾ?"